ಇಪ್ಪತ್ತೆರಡು ನಂಬರಿನ ಕುದುರೆ

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಊಟವನ್ನು ಬೈದು ಆಮೇಲೆ ಕಥೆಗೆ ತೊಡಗುವುದು ವಾಡಿಕೆ. ನನಗೆ ಆ ಸೌಭಾಗ್ಯವಿಲ್ಲ. ನಾನು ಹೋದ ವಿದೇಶಕ್ಕೆ ಮೈಸೂರಿನಿಂದ ರೈಲು ಹೋಗುತ್ತದೆ, ಪಾಸ್‌ಪೋರ್ಟು ಕೇಳುವುದಿಲ್ಲ, ಅಲ್ಲಿಯೂ ಕನ್ನಡವನ್ನೇ ಆಡುತ್ತಾರೆ. ಅದು ವಿದೇಶವೆನ್ನುವುದಕ್ಕೆ ಈ ಕೊನೆಯ ಸಂಗತಿಯೇ ನನ್ನ ಮುಖ್ಯ ಪುರಾವೆ. ಭಾಷೆ ಬಾರದ ದೇಶಕ್ಕೆ ಹೋದವನಿಗೆ ತನಗೆ ಬಾರದೆಂಬುದು ಗೊತ್ತಿರುತ್ತದೆ. ಕೈಸನ್ನೆ ಮಾಡಿ ಹೇಗೋ ಬದುಕಿಕೊಳ್ಳುತ್ತಾನೆ. ನನಗಾದರೋ ಬರುತ್ತದೆ ಎಂಬ ಧೈರ್ಯವಿತ್ತು. ಮೂವತ್ನಾಲ್ಕು ವರ್ಷ ಹೈಸ್ಕೂಲು ಮಕ್ಕಳಿಗೆ ಸಂಧಿ ಸಮಾಸ ಕಲಿಸಿ ನಿವೃತ್ತನಾದವನು ನಾನು. ಗೋಕಾಕ ಸೀಮೆಯಲ್ಲಿ ನನ್ನನ್ನು ಕೆಡವಿದ್ದು ಒಂದೇ ಒಂದು ನಾಮಪದ.

ಘಟಪ್ರಭಾ

ಮೊದಲು ಪ್ರಯಾಣದ ಕಾರಣ ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಪದ್ಮಳ ತಂದೆಯವರ ಹತ್ತಿರ ಒಂದು ವಿಲಾಯತಿ ರೈಫಲ್ ಇತ್ತು. ಇಪ್ಪತ್ತೆರಡು ನಂಬರಿನದು, ರಿಮ್‌ಫೈರ್ ಜಾತಿಯದು. ಬೇರೆ ಬಂದೂಕುಗಳ ತೋಟಾಕ್ಕೆ ಬುಡದ ನಡುವೆ ಕುಂಕುಮದ ಬೊಟ್ಟಿನಂತೆ ಒಂದು ಚುಕ್ಕೆ ಇರುತ್ತದೆ. ಸೂಜಿ ಅದಕ್ಕೆ ಹೊಡೆದರೆ ಗುಂಡು ಹಾರುತ್ತದೆ. ಇದರ ತೋಟಾಕ್ಕೆ ಬೊಟ್ಟಿಲ್ಲ. ಮದ್ದೆಲ್ಲ ಬುಡದ ಅಂಚಿನ ಸುತ್ತ ಅಡಗಿರುತ್ತದೆ. ಸೂಜಿ ಅಂಚಿಗೇ ಹೊಡೆಯಬೇಕು. ಹದಿನೈದು ವರ್ಷದ ಪದ್ಮಳನ್ನು ಅವಳಪ್ಪ ಊರಾಚೆಯ ಕಲ್ಲುಕ್ವಾರಿಗೆ ಕರೆದೊಯ್ದು, ತೆಂಗಿನ ಚಿಪ್ಪುಗಳನ್ನು ಸಾಲಾಗಿಟ್ಟು ಗುರಿ ಕಲಿಸಿದ್ದರಂತೆ. ಅವರು ತೀರಿಕೊಂಡ ಮೇಲೆ ಅಣ್ಣಂದಿರು ಉಳಿದದ್ದನ್ನೆಲ್ಲ ಹಂಚಿಕೊಂಡರು. ಇವಳು ಕೇಳಿದ್ದು ರೈಫಲ್ ಒಂದನ್ನೇ. ಲೈಸೆನ್ಸು ಅವಳ ಹೆಸರಿಗಾಯಿತು. ಅಂದಿನಿಂದ ಪ್ರತಿ ಭಾನುವಾರ ಅದಕ್ಕೆ ಎಣ್ಣೆಸ್ನಾನ. ನನಗೆ ದೀಪಾವಳಿಗೊಮ್ಮೆ.

ಹೋದ ಬೇಸಗೆಯಲ್ಲಿ ಮನೆಗೆ ಸುಣ್ಣ ಹೊಡೆಸುವಾಗ ರೈಫಲನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುವ ಜವಾಬ್ದಾರಿಯನ್ನು ನಾನಾಗಿ ವಹಿಸಿಕೊಂಡೆ. ಅದು ನನ್ನ ಕೈಯಿಂದ ಜಾರಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಬೆರಳಿಟ್ಟು ಎಳೆಯುವ ಕುದುರೆ ಬುಡದಲ್ಲೇ ಮುರಿಯಿತು. ಈ ಅಪಘಾತದ ತನಿಖೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಲೈಸೆನ್ಸಿನ ನವೀಕರಣಕ್ಕೆ ಹೋದಾಗ ಅಧಿಕಾರಿಗಳು, "ಹಾರದ ಬಂದೂಕಿಗೆ ಲೈಸೆನ್ಸು ಯಾಕಮ್ಮ? ಎರಡು ತಿಂಗಳೊಳಗೆ ರಿಪೇರಿ ಮಾಡಿಸಿ ಹಾರಿಸಿ ತೋರಿಸಿ. ಇಲ್ಲವೇ ಜಮಾ ಮಾಡಿ, ನಾಶ ಮಾಡಿಸ್ತೀವಿ" ಎಂದರು. ತಪ್ಪು ಅವರದಲ್ಲ. 'ನಾಶ' ಎಂಬ ಪದವನ್ನು ಕಾಗದದಲ್ಲೂ ಬರೆದುಕೊಟ್ಟರು. ಪದ್ಮ ಆ ಕಾಗದವನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ದೂರ ಹೋಗುತ್ತಿರಲಿಲ್ಲ.

ಮೈಸೂರಿನ ಬಂದೂಕಿನಂಗಡಿಯವರು ಮುರಿದ ತುಂಡನ್ನು ತಿರುಗಿಸಿ ನೋಡಿ, ಇದನ್ನು ಮಾಡುತ್ತಿದ್ದ ಕಂಪನಿಯೇ ಮುಚ್ಚಿಹೋಗಿದೆ, ಗೋಕಾಕದಲ್ಲಿ ಲೈಸೆನ್ಸು ಪಡೆದ ಹಳೆಯ ಉಸ್ತಾದರೊಬ್ಬರಿದ್ದಾರೆ, ಇಂಥವುಗಳ ವಂಶಾವಳಿಯೆಲ್ಲ ಅವರಿಗೆ ಬಾಯಿಪಾಠ ಎಂದರು. ರೈಫಲನ್ನು ಅವರ ಅಂಗಡಿಯಲ್ಲೇ ಬಿಟ್ಟು, ತುಂಡನ್ನು ನಶ್ಯದ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟುಕೊಂಡು ಹೊರಟೆವು. ಬೀಳ್ಕೊಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಒಂದು ಕಿವಿಮಾತು. ಹೊಸ ಊರು. ಬೀದೀಲಿ ಬಂದೂಕು ಬಂದೂಕು ಅಂತ ಕೇಳ್ಕೊಂಡು ತಿರುಗಬೇಡಿ. ಜನ ಗಾಬರಿ ಬೀಳ್ತಾರೆ" ಎಂದರು. ನಾನು ಹಿತವಚನವನ್ನು ಪಾಲಿಸುವ ಮನುಷ್ಯ. ಆದದ್ದೆಲ್ಲ ಅದರಿಂದಲೇ.

ಬೆಳಿಗ್ಗೆ ಘಟಪ್ರಭಾ ನಿಲ್ದಾಣದಲ್ಲಿ ಇಳಿದೆವು. ಹೊರಗೆ ಟಂಟಂ ಎಂಬ ಮೂರು ಗಾಲಿಯ ವಾಹನ ನಿಂತಿತ್ತು. ಒಳಗೆ ಆರು ಜನ, ಹೊರಗೆ ಮೂರು ಜನ. ಚಾಲಕ ನಮ್ಮನ್ನು ನೋಡಿ "ಹತ್ರಿ, ಹತ್ರಿ!" ಎಂದು ಕೂಗಿದ. ಗೋಕಾಕ ಹತ್ತಿರವೇ ಇದೆಯೆಂದು ಈ ಪುಣ್ಯಾತ್ಮ ತಿಳಿಸುತ್ತಿದ್ದಾನೆಂದು ಭಾವಿಸಿ ನಾನು ತಲೆಯಾಡಿಸಿ ಕೃತಜ್ಞತೆ ಸೂಚಿಸಿದೆ. ಅವನು ಇನ್ನೆರಡು ಸಲ "ಹತ್ರಿ" ಎಂದ. ನಾನು ಇನ್ನೆರಡು ಸಲ ತಲೆಯಾಡಿಸಿದೆ. ಅವನು ನನ್ನನ್ನು ಕನಿಕರದಿಂದ ನೋಡಿ ಹೊರಟುಹೋದ.

"ಹತ್ತಿ ಕೂತ್ಕೊಳ್ಳಿ ಅಂದಿದ್ದು ಕಣ್ರೀ" ಎಂದಳು ಪದ್ಮ.

ಮುಂದಿನ ಟಂಟಂ ಬರಲು ಮುಕ್ಕಾಲು ಗಂಟೆಯಾಯಿತು. ಆ ಹೊತ್ತನ್ನು ನಾನು 'ಹತ್ತು' ಎಂಬ ಧಾತುವಿನ ವಿಧ್ಯರ್ಥಕ ರೂಪಗಳನ್ನು ಕುರಿತು ಚಿಂತಿಸುವುದಕ್ಕೆ ಬಳಸಿಕೊಂಡೆ.

ಗೋಕಾಕ

ಉಸ್ತಾದರ ಅಂಗಡಿಗೆ ಬೀಗ ಹಾಕಿತ್ತು. ಪಕ್ಕದ್ದು ಚಹಾದ ಅಂಗಡಿ. ಪದ್ಮ ಕರದಂಟು ಕೊಳ್ಳಲು ಎದುರಿನ ಸಾಲಿಗೆ ಹೋದಳು. ಅಂಟು, ಒಣಹಣ್ಣು ಕೂಡಿಸಿ ಮಾಡುವ ಈ ಊರಿನ ಸಿಹಿ, ನೀವು ಅದನ್ನು ಕಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ಅದು ನಿಮ್ಮನ್ನು ಕಚ್ಚಿಕೊಂಡಿರುತ್ತದೆ. ನಾನು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆ. ಅಂಗಡಿಯ ಶಿವಾನಂದ ನಲವತ್ತರ ಆಸುಪಾಸಿನವನು, ನಗುಮುಖದವನು. ಕೇಳದೆಯೇ ಚಹಾ ಕೊಟ್ಟ. ಲೋಟ ಹೆಬ್ಬೆರಳಿನಷ್ಟಿತ್ತು. ನಮ್ಮಲ್ಲಿ ಕಾಫಿಯನ್ನು ಒಂದು ಸಲ ಕುಡಿದು ಮುಗಿಸುತ್ತೇವೆ. ಇಲ್ಲಿ ಚಹಾವನ್ನು ದಿನಕ್ಕೆ ಹನ್ನೆರಡು ಸಲ ಆರಂಭಿಸುತ್ತಾರೆ.

"ಉಸ್ತಾದ್ರು ಇಲ್ರಿ ಸರ. ಹುಕ್ಕೇರ್ಯಾಗ ಲಗ್ನಕ್ಕ ಹೋಗ್ಯಾರ. ನಾಳಿ ಸಂಜೀಕ ಬರ್ತಾರ. ಏನ್ ಬೇಕಾಗಿತ್ರಿ?"

ನಾನು ಸುತ್ತ ನೋಡಿದೆ. ಕಾಲೇಜಿನ ಇಬ್ಬರು ಹುಡುಗಿಯರು, ಪೇಪರು ಓದುವ ಒಬ್ಬ ಹಿರಿಯರು. ಕಿವಿಮಾತು ನೆನಪಾಯಿತು. ದನಿ ತಗ್ಗಿಸಿ, "ಒಂದು ಕುದುರೆ" ಎಂದೆ.

"ಏನಂದ್ರಿ?"

"ಕುದುರೆ. ಹಳೆಯದಾದರೂ ಅಡ್ಡಿಯಿಲ್ಲ. ಇಪ್ಪತ್ತೆರಡರದ್ದು."

ಶಿವಾನಂದ ಬಟ್ಟೆಯಿಂದ ಕೈ ಒರೆಸಿಕೊಂಡ. "ಇಪ್ಪತ್ತೆರಡಾ? ಅಷ್ಟ್ ಹಳೇದು ತಗೊಂಡ್ ಏನ್ ಮಾಡ್ತೀರ್ರಿ?"

"ನಮ್ಮಲ್ಲಿದ್ದದ್ದು ಅದಕ್ಕಿಂತ ಹಳೆಯದು. ನಮ್ಮ ಮಾವನವರ ಕಾಲದ್ದು."

"ಅಬಬಬ! ಈಗ ಏನಾತ್ರಿ ಅದಕ್ಕ?"

"ಬಿದ್ದು ಮುರಿಯಿತು. ನನ್ನ ಕೈಯಿಂದಲೇ."

"ನಿಮ್ ಕೈಯಿಂದ ಬಿತ್ತ್ರ್ಯಾ!" ಅವನು ನನ್ನ ತೋಳುಗಳನ್ನು ಹೊಸ ಗೌರವದಿಂದ ನೋಡಿದ. "ಪಾಪ, ಮೂಕ ಪ್ರಾಣ. ಉಸ್ತಾದ್ರ ಕಡೆ ಅದೆಲ್ಲಿಂದ ಬರ್ಬೇಕ್ರಿ? ನೀವು ಮೂಡಲಗಿಗಿ ಹೋಗ್ರಿ. ಊರ ಹೊರಗ ಬೀರಪ್ಪ ಅಂತ ಕುರಿಯವ್ರು ಅದಾರ. ಅವ್ರ ಕಡೆ ಒಂದ್ ಐತಿ. ಛಲೋ ಐತಿ."

'ಮೂಕ ಪ್ರಾಣ' ಎಂದದ್ದು ಕೇಳಿ ನನಗೆ ಮೆಚ್ಚುಗೆಯಾಯಿತು. ಗುಟ್ಟು ಕಾಪಾಡುವುದರಲ್ಲಿ ಈತ ನನಗಿಂತ ಒಂದು ಕೈ ಮೇಲು, ಜನರೆದುರು ಎಷ್ಟು ಚೆನ್ನಾಗಿ ಸಂಕೇತಭಾಷೆಯಲ್ಲಿ ಮಾತಾಡುತ್ತಾನೆ ಎಂದುಕೊಂಡೆ. ಅವನು ಬೀರಪ್ಪನಿಗೆ ಫೋನು ಹಚ್ಚಿ, "ಮೈಸೂರಿಂದ ಮಂದಿ ಬಂದಾರೋ ಮಾರಾಯ, ತೊಳದ್ ನಿಲ್ಸು" ಎಂದ. ತೊಳೆದು ನಿಲ್ಲಿಸುವುದೂ ಸಂಕೇತವೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಕರದಂಟಿನೊಡನೆ ಬಂದ ಪದ್ಮಳಿಗೆ ವಿಜಯವಾರ್ತೆ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿದಳು. "ಕುರಿ ಕಾಯೋರ ಹತ್ರ ವಿಲಾಯತಿ ರೈಫಲ್ಲಿನ ಕುದುರೆ ಹೇಗ್ರೀ ಬರುತ್ತೆ?"

"ತೋಳ ಬರುವುದಿಲ್ಲವೇ ಕುರಿಗೆ?" ಎಂದೆ. ತರ್ಕ ನನ್ನ ಕಡೆಗಿತ್ತು.

ಮೂಡಲಗಿ

ಗೋಕಾಕದಿಂದ ಮೂಡಲಗಿಯ ದಾರಿಯಲ್ಲಿ ಬಸ್ಸಿನ ಎರಡೂ ಕಡೆ ಕಬ್ಬು. ನಮ್ಮ ಮಂಡ್ಯದ ಕಬ್ಬನ್ನು ನೋಡಿದವನಿಗೆ ಇದು ಹೊಸದೇನಲ್ಲ ಎಂದುಕೊಂಡು ಕಣ್ಣು ಮುಚ್ಚಿದೆ. ಪಕ್ಕದ ಸೀಟಿನ ಹೆಂಗಸೊಬ್ಬರು ಮೇಲವಂಕಿಯಲ್ಲಿರುವ ತಮ್ಮ ಮಗಳ ಬಗ್ಗೆ, ಮಗಳ ಅತ್ತೆಯ ಬಗ್ಗೆ, ಅತ್ತೆಯ ಮಂಡಿನೋವಿನ ಬಗ್ಗೆ ಪದ್ಮಳಿಗೆ ತಿಳಿಸಿದರು. ನಮ್ಮ ಕಡೆ ಇಷ್ಟು ಮಾಹಿತಿಗೆ ಮೂರು ಭೇಟಿಯಾದರೂ ಬೇಕು. ಇಳಿಯುವಾಗ ಅವರು ಪದ್ಮಳ ಕೈಗೆ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಪೊಟ್ಟಣ ಇಟ್ಟರು. ಹೆಸರು ಮಾತ್ರ ಹೇಳಲಿಲ್ಲ, ಕೇಳಲೂ ಇಲ್ಲ.

ಬೀರಪ್ಪನಿಗೆ ಅರವತ್ತಿರಬಹುದು. ಹೆಗಲ ಮೇಲೆ ಕರಿಯ ಕಂಬಳಿ, ತಲೆಗೆ ಕೆಂಪು ರುಮಾಲು. ಮನೆಯ ಮುಂದೆ ಕಂಬಳಿ ಹಾಸಿ ನಮ್ಮನ್ನು ಕೂರಿಸಿದ. ಅವನ ಹೆಂಡತಿ ಮಾಯವ್ವ ಮಜ್ಜಿಗೆ ತಂದುಕೊಟ್ಟು, ಪದ್ಮಳ ಪಕ್ಕದಲ್ಲೇ ಕುಳಿತು ಸೀರೆಯ ಅಂಚು ಮುಟ್ಟಿ ನೋಡಿದಳು.

"ಆರಾಮ ಅದೀರೇನ್ರಿ? ಮೈಸೂರಿಂದ ಇದಕ್ಕಂತನ ಬಂದ್ರ್ಯಾ?" ಎಂದ ಬೀರಪ್ಪ.

"ಇದಕ್ಕಾಗಿಯೇ. ಸ್ಥಿತಿ ಹೇಗಿದೆ?"

"ಏಕದಂ ಛಲೋ ಐತ್ರಿ. ದಿನಾ ಕೆಲಸಾ ಮಾಡತೈತಿ."

"ದಿನಾ?" ಎಂದಳು ಪದ್ಮ, ಬೆರಗಿನಿಂದ. ದಿನಕ್ಕೆಷ್ಟು ತೋಳಗಳು ಬರುತ್ತವೋ ಎಂದು ಅವಳು ಎಣಿಸುತ್ತಿದ್ದಿರಬೇಕು.

"ಎಳೆದರೆ ಸಲೀಸಾಗಿ ಬರುತ್ತದೆಯೇ?" ಎಂದು ನಾನು ತಜ್ಞನಂತೆ ಕೇಳಿದೆ.

"ಎಳದ್ರ ಬರತೈತ್ರಿ. ಒಮ್ಮೊಮ್ಮೆ ಹಟಾ ಮಾಡತೈತಿ, ಸುಳ್ಳ್ಯಾಕ ಹೇಳ್ಲಿ. ಆವಾಗ ಎಳೀಬಾರ್ದು. ಕುತಗಿ ಮ್ಯಾಲ ಕೈ ಆಡಿಸಿ, ಸ್ವಲ್ಪ ಬೆಲ್ಲ ತಿನ್ನಿಸ್ಬೇಕು."

ಪದ್ಮ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. ನಾನಿನ್ನೂ ಸಂಕೇತಭಾಷೆಯ ಸೊಗಸಿನಲ್ಲೇ ಇದ್ದೆ. "ಒಮ್ಮೆ ನೋಡಬಹುದೇ? ನಮ್ಮ ತುಂಡಿನ ಜೊತೆ ಅಳತೆ ಹಿಡಿದು ನೋಡಬೇಕು" ಎಂದೆ.

"ತುಂಡ್ ತಂದೀರ್ಯಾ!" ಬೀರಪ್ಪ ಹೌಹಾರಿದ. ಆಮೇಲೆ ಮನೆಯ ಹಿಂದಕ್ಕೆ ಹೋಗಿ, ಹಗ್ಗ ಹಿಡಿದು ಒಂದು ಕಂದು ಬಣ್ಣದ ಹೆಣ್ಣು ಕುದುರೆಯನ್ನು ನಡೆಸಿಕೊಂಡು ಬಂದ. ಅದಕ್ಕೆ ಸ್ನಾನವಾಗಿತ್ತು. ಜೂಲಿಗೆ ಎಣ್ಣೆ ಹಚ್ಚಿ ಬಾಚಿದ್ದರು. ಹಣೆಯ ಮೇಲೆ ಅರಿಸಿನವೂ ಇತ್ತು. ಕನ್ಯೆ ನೋಡುವ ಶಾಸ್ತ್ರಕ್ಕೆ ಸಿದ್ಧವಾದಂತೆ ನಿಂತು ಅದು ನನ್ನನ್ನು ಮೇಲಿನಿಂದ ಕೆಳಗೆ ನೋಡಿತು.

ನಾನು ಕೈಯಲ್ಲಿ ನಶ್ಯದ ಡಬ್ಬಿ ಹಿಡಿದುಕೊಂಡಿದ್ದೆ.

ಮೊದಲು ನಕ್ಕವಳು ಪದ್ಮ. ಮದುವೆಯಾದಂದಿನಿಂದ ಅವಳು ಹಾಗೆ ನಕ್ಕದ್ದನ್ನು ಎರಡೋ ಮೂರೋ ಸಲ ಕಂಡಿದ್ದೇನೆ; ಎಲ್ಲಕ್ಕೂ ನಾನೇ ಕಾರಣ. ಡಬ್ಬಿ ತೆಗೆದು ಹತ್ತಿ ಬಿಡಿಸಿ ತುಂಡನ್ನು ಬೀರಪ್ಪನ ಅಂಗೈ ಮೇಲಿಟ್ಟೆ. ಅವನು ಅದನ್ನು ನೋಡಿದ, ಕುದುರೆಯನ್ನು ನೋಡಿದ, ನನ್ನನ್ನು ನೋಡಿದ.

"ಇದು ಬಂದೂಕಿನ ಘೋಡಾ ಅಲ್ರಿ!"

"ಅದೇ. ಕುದುರೆ."

"ಕುದುರಿ ಅಲ್ರಿ, ಘೋಡಾ."

"ಘೋಡಾ ಎಂದರೂ ಕುದುರೆಯೇ ಅಲ್ಲವೇ?"

"ಹೆಂಗ್ ಆಕ್ಕೈತ್ರಿ? ಕುದುರಿ ಅಂದ್ರ ಕುದುರಿ, ಘೋಡಾ ಅಂದ್ರ ಘೋಡಾ. ಎರಡೂ ಒಂದ ಆಗಿದ್ರ ನಾ ಇದರ ಮ್ಯಾಲ ಹೇರು ಹೇರ್ಲೇನು?" ಎಂದು ಆ ಒಂದಂಗುಲದ ಕಬ್ಬಿಣವನ್ನು ಎತ್ತಿ ತೋರಿಸಿದ.

ಈ ದೇಶದವರು ಮರಾಠಿಯ ಕುದುರೆಯನ್ನು ಬಂದೂಕಿಗೆ ಕಟ್ಟಿ, ಕನ್ನಡದ ಕುದುರೆಯನ್ನು ಹುಲ್ಲು ಮೇಯಲು ಬಿಟ್ಟಿದ್ದಾರೆ. ಏರ್ಪಾಡು ನಮ್ಮದಕ್ಕಿಂತ ಅಚ್ಚುಕಟ್ಟು. ನಮ್ಮಲ್ಲಿ ಒಂದೇ ಕುದುರೆ ಎರಡೂ ಕಡೆ ದುಡಿಯಬೇಕು.

"ಅಕ್ಕಾರ, ನಿಮ್ಮ ಮನಿಯವ್ರು ಏನ್ ಕಲಸ್ತಿದ್ರಂತ ಹೇಳಿದ್ರಿ?" ಎಂದು ಮಾಯವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಕನ್ನಡ" ಎಂದಳು ಪದ್ಮ.

ಮಾಯವ್ವ ಕಂಬಳಿಯ ಮೇಲೆ ಒರಗಿಬಿಟ್ಟಳು.

ಶ್ರಮ ಕೊಟ್ಟದ್ದಕ್ಕೆ ನಾನು ಕ್ಷಮೆ ಕೇಳಿದೆ. ಬೀರಪ್ಪ ಕುದುರೆಯ ಕುತ್ತಿಗೆ ತಟ್ಟಿದ. "ಖರೆ ಹೇಳ್ಬೇಕಂದ್ರ ಕೊಡಾಕ ನನಗೂ ಮನಸ್ಸಿರ್ಲಿಲ್ರಿ. ಕುರಿ ಹಿಂಡಿನ ಹಿಂದ ನಮ್ಮ ಸಾಮಾನೆಲ್ಲಾ ಇದ ಹೊರತೈತಿ. ಅಷ್ಟ್ ದೂರಿಂದ ಬಂದಾರ, ಬರೇ ನೋಡಿ ಹೋಗ್ಲಿ ಅಂತ ತೊಳದಿದ್ನಿ." ಆಮೇಲೆ ತುಂಡನ್ನು ಬೆಳಕಿಗೆ ಹಿಡಿದು, "ಇದು ಬಾಯೀಸ್ ನಂಬರಿಂದಲ್ರಿ?" ಎಂದ. ಇಪ್ಪತ್ತೆರಡಕ್ಕೆ ಇಲ್ಲಿ ಬಂದೂಕಿನ ಮಟ್ಟಿಗೆ ಹಿಂದಿಯ ಹೆಸರು.

"ನಿಮಗೆ ಹೇಗೆ ಗೊತ್ತು?" ಪದ್ಮ ಥಟ್ಟನೆ ನೆಟ್ಟಗೆ ಕುಳಿತಳು.

"ಬೆಲ್ಲದ ಬಾಗೇವಾಡ್ಯಾಗ ಬಾಳಪ್ಪಜ್ಜ ಅಂತ ಅದಾನ್ರಿ. ವರ್ಷಾ ಅವರ ಹೊಲದಾಗ ನಮ್ಮ ಕುರಿ ನಿಲ್ಲಸ್ತೀವಿ, ಗೊಬ್ಬರಕ್ಕ. ಅವನ ಕಡೆ ಇಂಥಾದ ಬಂದೂಕ ಐತಿ. ಹಂದಿ ಓಡ್ಸಾಕ ಇಟ್ಟಿದ್ದ. ನಳಗಿ ತುಕ್ಕ ಹಿಡದ್ ಹೋಗೇತಿ, ಘೋಡಾ ಮಾತ್ರ ಛಲೋ ಐತಂತ." ತುಂಡನ್ನು ನನ್ನ ಕೈಗೆ ಮರಳಿಸಿದ. "ಆದ್ರ ಕೊಡ್ತಾನಂತ ಹೇಳಾಕಾಗೂದಿಲ್ಲ. ಮೂರ್ ಮಂದಿ ಹೋಗಿ ಬರಿಗೈಲೆ ಬಂದಾರ. ಅಜ್ಜ ಏನೋ ನೋಡ್ತಾನ. ಏನ್ ನೋಡ್ತಾನಂತ ಯಾರಿಗೂ ಹೇಳೂದಿಲ್ಲ."

ಹುಕ್ಕೇರಿ

ಬಾಳಪ್ಪಜ್ಜ ಮರುದಿನ ಬೆಳಿಗ್ಗೆ ಕಣ್ಣು ತೋರಿಸಲು ಹುಕ್ಕೇರಿಗೆ ಹೋಗುತ್ತಾನೆ, ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಕರಿಯ ಚಸ್ಮಾ ಹಾಕಿಕೊಂಡು ಕುಳಿತಿರುತ್ತಾನೆ ಎಂದು ಬೀರಪ್ಪ ಫೋನಿನಲ್ಲಿ ವಿಚಾರಿಸಿ ಹೇಳಿದ್ದ. ಗುರುತು ನಿಖರವಾಗಿತ್ತು. ನಾವು ಹೋದಾಗ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಂದೇ ದವಾಖಾನೆಯಿಂದ ಬಂದ ಏಳು ಜನ ಅಜ್ಜಂದಿರು ಒಂದೇ ತರಹದ ಕರಿಯ ಚಸ್ಮಾ, ಒಂದೇ ತರಹದ ಬಿಳಿ ಟೋಪಿ ಧರಿಸಿ ಸಾಲಾಗಿ ಕುಳಿತಿದ್ದರು.

"ಬಾಳಪ್ಪಜ್ಜ ಯಾರು?" ಎಂದೆ.

"ಯಾವ ಬಾಳಪ್ಪ?" ಎಂದರು ಇಬ್ಬರು, ಏಕಕಾಲದಲ್ಲಿ. ಇಬ್ಬರೂ ಬಾಳಪ್ಪರೇ.

"ಬಂದೂಕಿನ..." ಎಂದು ಪಿಸುಗುಟ್ಟಿದೆ.

"ಬಂದೂಕಿನ ಬಾಳಪ್ಪಾ!" ಎಂದು ಮೊದಲನೆಯವರು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು. "ಏ, ನಿನ್ನ ಘೋಡಾ ನೋಡಾಕ ಮತ್ತ ಮಂದಿ ಬಂದಾರ ನೋಡೋ!" ಯಾರೂ ಗಾಬರಿ ಬೀಳಲಿಲ್ಲ. ಕಡಲೆಕಾಯಿ ಮಾರುವವಳು ತಲೆಯನ್ನೂ ಎತ್ತಲಿಲ್ಲ. ನಾನು ಎರಡು ದಿನ ಕಾಪಾಡಿಕೊಂಡು ಬಂದ ಗುಟ್ಟಿಗೆ ಈ ಊರಿನಲ್ಲಿ ಇದ್ದ ಬೆಲೆ ಇಷ್ಟು.

ಕಟ್ಟೆಯ ಕೊನೆಯಲ್ಲಿದ್ದ ಮೂರನೆಯ ಬಾಳಪ್ಪ, ತೆಳ್ಳಗಿನ ಅಜ್ಜ, ಕೋಲೂರಿ ಎದ್ದ. ನಮ್ಮ ಜೊತೆ ಬಾಗೇವಾಡಿಯ ಟಂಟಂ ಹತ್ತಿದ. ದಾರಿಯುದ್ದಕ್ಕೂ ರೈಫಲಿನ ಸುದ್ದಿ ಎತ್ತಲಿಲ್ಲ. ಮೈಸೂರಿನಲ್ಲಿ ಜೋಳ ಬೆಳೆಯುತ್ತಾರೋ, ಆನೆ ಖರೆ ಎಷ್ಟು ದೊಡ್ಡದಿರುತ್ತದೆ, ಧುಪದಾಳದ ಒಡ್ಡಿಗೆ ಬರುವ ಹಕ್ಕಿಗಳಂಥವು ನಮ್ಮ ಕೆರೆಗಳಿಗೂ ಬರುತ್ತವೋ ಎಂದು ಕೇಳಿದ. ನಾನು ವಿಸ್ತಾರವಾಗಿ ಉತ್ತರಿಸಿದೆ. ಪದ್ಮ ಪರ್ಸನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಒಳಗೆ ಆ ಕಾಗದವಿತ್ತು. ಎರಡು ತಿಂಗಳಲ್ಲಿ ಉಳಿದದ್ದು ಒಂಬತ್ತು ದಿನ.

ಬೆಲ್ಲದ ಬಾಗೇವಾಡಿ

ಅಜ್ಜನ ಸೊಸೆ ನೀರು, ಒಂದು ಉಂಡೆ ಬೆಲ್ಲ ತಂದಿಟ್ಟಳು. ಅಜ್ಜ ಒಳಗಿನ ಕಪಾಟಿನಿಂದ ಹಳೆಯ ಧೋತರದಲ್ಲಿ ಸುತ್ತಿದ ರೈಫಲನ್ನು ತಂದು ಹಂತಹಂತವಾಗಿ ಬಿಚ್ಚಿದ. ಪದ್ಮ ಕುಳಿತಲ್ಲಿಂದಲೇ ಮುಂದಕ್ಕೆ ಬಾಗಿದಳು. ಅದೇ ಮರದ ಹಿಡಿ, ಅದೇ ಬೋಲ್ಟು, ಅದೇ ಬಾಗಿದ ಕುದುರೆ, ಕ್ಷಮಿಸಿ, ಘೋಡಾ. ಅವಳ ತಂದೆಯ ರೈಫಲಿನ ಅವಳಿ. ನಳಿಗೆ ಮಾತ್ರ ಹೊರಗೂ ಒಳಗೂ ತುಕ್ಕು ತಿಂದು ಹುಣ್ಣಾಗಿತ್ತು.

"ನನ್ನ ಕಣ್ಣಿಗಿ ಈಗ ಒಂದ್ ಹಂದಿ ಎರಡ್ ಕಾಣಿಸ್ತೈತಿ" ಎಂದ ಅಜ್ಜ. "ಇದನ್ನ ಜಮಾ ಮಾಡಿ ಬಿಡೂದ. ತಗೋರಿ ಮಾಸ್ತರ್ರ, ಘೋಡಾ ಎಳದ್ ನೋಡ್ರಿ. ಬಿಗಿ ಐತೋ, ಹಗೂರ ಐತೋ ತಿಳೀತೈತಿ."

ಗಂಡಸಾದ ಕಾರಣಕ್ಕೆ ಅದು ಮೊದಲು ನನ್ನ ಕೈಗೆ ಬಂತು. ನಾನು ಎದ್ದು ನಿಂತು, ಒಂದು ಕಣ್ಣು ಮುಚ್ಚಿ, ಅಂಗಳದ ತುಳಸಿಕಟ್ಟೆಗೆ ಗುರಿಯಿಟ್ಟು ಎಳೆದೆ. ಟಕ್ ಎಂದಿತು.

"ಬಹಳ ನಯವಾಗಿದೆ" ಎಂದೆ.

"ಹಾಂ" ಎಂದ ಅಜ್ಜ. ಮೆಲ್ಲನೆ ನನ್ನ ಕೈಯಿಂದ ರೈಫಲು ತೆಗೆದುಕೊಂಡು ಧೋತರವನ್ನು ಹತ್ತಿರಕ್ಕೆ ಎಳೆದುಕೊಂಡ. "ಚಾ ಕುಡದ್ ಹೋಗ್ರಿ."

ನಮ್ಮಲ್ಲಿ ಕಾಫಿ ಕುಡಿಯಿರಿ ಎಂದರೆ ಮಾತು ಶುರುವಾಯಿತೆಂದು ಅರ್ಥ. ಈ 'ಚಾ ಕುಡದ್ ಹೋಗ್ರಿ'ಯಲ್ಲಿ ಒತ್ತು 'ಹೋಗ್ರಿ'ಯ ಮೇಲಿತ್ತು. ವ್ಯಾಕರಣ ನನಗೆ ಇಷ್ಟಾದರೂ ಕಲಿಸಿದೆ. ಮೂವರ ಜೊತೆ ನಾಲ್ಕನೆಯವನಾಗಿ ನಾನು ಸೇರಿದ್ದೆ, ಯಾವ ತಪ್ಪಿಗೆಂದು ಮಾತ್ರ ತಿಳಿದಿರಲಿಲ್ಲ.

"ಅಜ್ಜಾ, ನಾನೊಂದು ಸಲ ನೋಡಬಹುದಾ?" ಎಂದಳು ಪದ್ಮ.

"ನೋಡವ್ವ. ನೀನೂ ಎಳಿ."

ಅವಳು ರೈಫಲನ್ನು ತೆಗೆದುಕೊಂಡ ಕೂಡಲೇ ಮೂತಿಯನ್ನು ನೆಲದ ಕಡೆಗೆ ತಿರುಗಿಸಿದಳು. ಬೋಲ್ಟು ಹಿಂದಕ್ಕೆಳೆದು ಒಳಗೆ ನೋಡಿದಳು. ನೋಡಿದ್ದು ಸಾಲದೆಂದು ಕಿರುಬೆರಳು ಹಾಕಿ ತಡವಿದಳು. ತೋರುಬೆರಳು ಮರದ ಉದ್ದಕ್ಕೆ ಚಾಚಿಕೊಂಡಿತ್ತು. ಘೋಡಾದ 'ಘೋ'ವನ್ನೂ ಮುಟ್ಟಲಿಲ್ಲ. ಬೋಲ್ಟು ಮುಚ್ಚಿ ಭುಜಕ್ಕಾನಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ನಮ್ಮ ಅಡುಗೆಮನೆಯಲ್ಲಿ ದಿನವೂ ನೋಡುವ ಹೆಂಗಸೇ ಇವಳೆಂದು ನಂಬುವುದಕ್ಕೆ ನನಗೆ ತುಸು ಪ್ರಯತ್ನ ಬೇಕಾಯಿತು. ಆಮೇಲೆ ಇಳಿಸಿದಳು.

"ಎಳಿ ಅಂದ್ನೆಲ್ಲ."

"ಎಳೆಯಲ್ಲ ಅಜ್ಜ."

"ಯಾಕ?"

"ಖಾಲಿ ಇದೆ. ಇದರ ಸೂಜಿ ಅಂಚಿಗೆ ಹೊಡೆಯೋದು. ಖಾಲಿ ಎಳೆದರೆ ತೋಟಾ ಕೂರೋ ಗೂಡಿನ ಅಂಚಿಗೇ ಹೋಗಿ ಬಡಿದು ಕೆಡುತ್ತೆ. ಹಾರಿಸಿದ್ದು ಒಂದು ಖಾಲಿ ತೋಟಾ ಇದ್ದರೆ ಕೊಡಿ, ಹಾಕಿಕೊಂಡು ಎಳೀತೀನಿ."

"ನಳಗಿ ಪೂರಾ ಹೋಗೇತವ್ವ. ಇನ್ನ ಕೆಡಾಕ ಏನ್ ಉಳದೈತಿ ಅದ್ರಾಗ?"

"ಕೆಟ್ಟಿದೆ ಅಂತ ಹೊಡೀಬೇಕಾ?" ಎಂದಳು ಪದ್ಮ.

ಅಜ್ಜ ಕರಿಯ ಚಸ್ಮಾ ತೆಗೆದು ಅವಳನ್ನು ನೋಡಿದ. ಅಂಗಿಯ ಜೇಬಿಗೆ ಕೈ ಹಾಕಿ ಒಂದು ಖಾಲಿ ಹಿತ್ತಾಳೆಯ ತೋಟಾ ತೆಗೆದು ಅವಳ ಅಂಗೈ ಮೇಲಿಟ್ಟ. ಅದು ಮೊದಲಿನಿಂದಲೂ ಅಲ್ಲಿಯೇ ಇತ್ತು. ಯಾರಾದರೂ ಕೇಳಲಿ ಎಂದು ಕಾಯುತ್ತಿತ್ತು.

"ಮೂರೂ ಮಂದಿ ಟಕ್ ಅನಿಸಿದ್ರು. ಒಬ್ಬಾಂವ ಎರಡ್ ಸರ್ತಿ ಅನಿಸ್ದಾ" ಎಂದು ನನ್ನ ಕಡೆ ತಿರುಗಿ, "ಮಾಸ್ತರ್ರು ಒಂದ ಸರ್ತಿ. ಅಷ್ಟರ ಮಟ್ಟಿಗಿ ಬೇಷಿ" ಎಂದ. ಇಡೀ ಪ್ರವಾಸದಲ್ಲಿ ನನಗೆ ದೊರೆತ ಏಕೈಕ ಪ್ರಶಸ್ತಿ ಇದು.

ಪದ್ಮ ತೋಟಾ ಹಾಕಿ ಎಳೆದಳು. ಈ ಸಲದ ಸದ್ದು ಬೇರೆಯಾಗಿತ್ತು. ಮೆತ್ತಗೆ, ಬಾಗಿಲಿಗೆ ಚಿಲಕ ಬಿದ್ದ ಹಾಗೆ.

"ಯಾರ್ ಕಲಿಸಿದ್ರು?"

"ನಮ್ಮಪ್ಪ. ಒಂದು ಸಲ ಖಾಲಿ ಎಳೆದೆ ಅಂತ ತಿಂಗಳು ಮುಟ್ಟಕ್ಕೆ ಬಿಟ್ಟಿರಲಿಲ್ಲ."

"ಶ್ಯಾಣ್ಯಾ ಮನಷ್ಯಾ" ಎಂದ ಅಜ್ಜ. ಧೋತರವನ್ನು ಮಡಿಸಿ ಪಕ್ಕಕ್ಕಿಟ್ಟ. "ಒಯ್ಯಿ ಮಗಳ. ರೊಕ್ಕದ ಮಾತ ತಗದ್ರ ಮತ್ತ ಸುತ್ತಿ ಇಡ್ತೀನಿ."

ಆಮೇಲೆ ಬಂದ ಚಹಾ ದೊಡ್ಡ ಲೋಟದಲ್ಲಿತ್ತು. 'ಹೋಗ್ರಿ' ಎಂದು ಯಾರೂ ಅನ್ನಲಿಲ್ಲ.

ಮತ್ತೆ ಗೋಕಾಕ

ಉಸ್ತಾದರು ಮದುವೆಯಿಂದ ಬಂದಿದ್ದರು. ಬಿಳಿ ಗಡ್ಡಕ್ಕೆ ಅತ್ತರಿನ ವಾಸನೆ. ಎರಡೂ ಲೈಸೆನ್ಸು ಪುಸ್ತಕ, ಇಬ್ಬರ ಸಹಿ, ಎಲ್ಲ ಆಗುವವರೆಗೆ ಹತಾರ ಮುಟ್ಟುವುದಿಲ್ಲವೆಂದರು. ಅಜ್ಜನೂ ನಮ್ಮ ಜೊತೆಗೇ ಬಂದಿದ್ದ. ರೈಫಲು ಅಲ್ಲಿಯೇ ಜಮಾ ಆಗಬೇಕಿತ್ತು. ಘೋಡಾ ಬಿಚ್ಚುವಾಗ ಅವನು ರಸ್ತೆಯ ಕಡೆ ಮುಖ ಮಾಡಿ ಕುಳಿತು, ಹೋಗುವ ಟ್ರ್ಯಾಕ್ಟರುಗಳನ್ನು ನೋಡುತ್ತಿದ್ದ.

"ಆತೇನೋ?"

"ಆತು ಕಾಕಾ."

"ಹಗೂರ ಆತು" ಎಂದ ಅಜ್ಜ. ಯಾವುದೆಂದು ಹೇಳಲಿಲ್ಲ.

ಪಕ್ಕದ ಶಿವಾನಂದ ಚಹಾ ಹಿಡಿದು ಬಂದು, "ಸರ, ಕುದುರಿ ಸಿಕ್ತೇನ್ರಿ?" ಎಂದ. ಸುದ್ದಿ ಮೂಡಲಗಿಯಿಂದ ನಮಗಿಂತ ಮೊದಲೇ ಬಂದಿತ್ತು. ಅಂಗಡಿಯ ಮುಂದಿನ ಅಷ್ಟೂ ಜನ ನಗುವುದಕ್ಕೆ ಸಿದ್ಧರಾಗಿ ನಿಂತಿದ್ದರು. ನಾನು ಅವರನ್ನು ನಿರಾಸೆಗೊಳಿಸಲಿಲ್ಲ; ಕುದುರೆ ನನ್ನನ್ನು ಒಪ್ಪಲಿಲ್ಲವೆಂದೆ.

ಉಸ್ತಾದರು ಕಾಗದ ಬರೆಯುತ್ತ ಪೆನ್ನು ನಿಲ್ಲಿಸಿದರು. "ಮಾಸ್ತರ್ರ, ನೀವು ಕನ್ನಡಾ ಕಲಿಸ್ದವ್ರಂತ. ಇದಕ್ಕ ಶುದ್ಧ ಕನ್ನಡದಾಗ ಏನಂತ ಬರೀಲ್ರಿ?"

ನಾನು ಚಹಾದ ಲೋಟ ಕೆಳಗಿಟ್ಟೆ.

"ಘೋಡಾ" ಎಂದೆ.

ಮೈಸೂರು

ಅಂಗಡಿಯವರು ಅದನ್ನು ಕೂಡಿಸಿಕೊಟ್ಟರು. ಗಡುವಿಗೆ ಎರಡು ದಿನವಿರುವಾಗ ಗುರಿ ಹೊಡೆಯುವ ಮೈದಾನದಲ್ಲಿ ಪರೀಕ್ಷೆ. ಬಂದಿದ್ದ ಅಧಿಕಾರಿಗಳು ತರುಣರು, ಸಭ್ಯರು. ಒಂದು ಗುಂಡು ಹಾರಿದರೆ ಸಾಕು, ಎಲ್ಲಿ ಬೀಳುತ್ತದೆ ಎಂಬುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ ಎಂದರು. ಪದ್ಮ ಮಲಗಿ ಗುರಿ ಹಿಡಿದವಳು ಮತ್ತೆ ಎದ್ದಳು. ಪರ್ಸಿನಿಂದ ಫೋನು ತೆಗೆದು ಬಾಗೇವಾಡಿಗೆ ಹಚ್ಚಿ, ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಹಿಡಿದುಕೊಂಡಿರಿ ಎಂದಳು. ಜಾರಿಸಬೇಡಿ ಎಂದೂ ಹೇಳಿದಳು.

ಇಪ್ಪತ್ತೆರಡು ನಂಬರಿನ ಸದ್ದು ದೊಡ್ಡದೇನಲ್ಲ. ಒಣಕಟ್ಟಿಗೆ ಮುರಿದ ಹಾಗೆ. ಅಧಿಕಾರಿಗಳು ಸಹಿ ಹಾಕಿದರು. ನಾನು ದುರ್ಬೀನಿನಲ್ಲಿ ನೋಡಿದೆ: ಗುರಿಯ ಕಾಗದ ಹೊಸದಾಗಿಯೇ ಇತ್ತು. ಪದ್ಮಳಿಗೆ ಅದು ನನಗಿಂತ ಮೊದಲೇ ಗೊತ್ತಾಗಿತ್ತು. ಮುಖ ಕೆಂಪಾಗಿತ್ತು.

"ಕೇಳಿಸ್ತ ಅಜ್ಜಾ?" ಎಂದಳು.

"ಕೇಳಿಸ್ತವ್ವ. ಎಲ್ಲಿ ಬಿತ್ತು?"

"ಕಾಗದದ ಮೇಲೇ ಇಲ್ಲ. ಪೂರ್ತಿ ಹೊರಗೆ ಹೋಯಿತು."

ಆ ಕಡೆ ಎಲ್ಲೋ ಎಮ್ಮೆ ಕೂಗಿತು.

"ಹೋಗ್ಲಿ ಬಿಡು. ಪರ ಊರಿಗಿ ಬಂದೈತಿ, ನಿನ್ನ ಬೆರಳ ಇನ್ನಾ ಹೊಸಾದು ಅದಕ್ಕ" ಎಂದ ಅಜ್ಜ. "ಇನ್ನೊಂದ್ ಹೊಡಿ. ನಾ ಹಿಡಕೊಂಡಿರ್ತೀನಿ."

ಅವಳು ಮತ್ತೆ ಮಲಗಿದಳು. ನಾನು ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡೆ.